ಬೆಂಗಳೂರಿಗಿಂತ ಮೊದಲು ಬೀದರಿಗೆ

ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿ. ಬೀದರ್ ಇರುವುದು 77.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಬೆಂಗಳೂರು 77.6ರಲ್ಲಿ. ಒಂದರ ನೆತ್ತಿಯ ಮೇಲೆ ಇನ್ನೊಂದು ಎನ್ನುವಷ್ಟು ನೇರ. ನಡುವಿನ ದೂರ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 550 ಕಿ.ಮೀ. ರೈಲಿಗೆ ಒಂದು ರಾತ್ರಿ ಬೇಕು. ವಿಮಾನ 2020ರಲ್ಲಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ವಿಧಾನಸೌಧದ ಕಡತಕ್ಕೆ ಎಷ್ಟು ದಿನ ಬೇಕೆಂದು ಈ ಭಾಗದವರನ್ನು ಕೇಳದಿರುವುದೇ ಒಳ್ಳೆಯದು. ಆದರೆ ಸುಮಾರು 600 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹವೊಂದು ಉತ್ತರದಿಂದ ಇಳಿದು ಬರುವಾಗ ಕರ್ನಾಟಕದಲ್ಲಿ ಮೊದಲು ದಾಟುವುದು ಔರಾದವನ್ನು. ಆಮೇಲೆ ಭಾಲ್ಕಿ, ಬೀದರ್. ಅಲ್ಲಿಂದ ಬೆಂಗಳೂರಿನ ನೆತ್ತಿಗೆ ಹೋಗಲು ಅದಕ್ಕೆ ಬೇಕಾದದ್ದು ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸು.

ರಾಜಧಾನಿಗಿಂತ ಮೊದಲು ಬೀದರಿಗೆ ಬರುವ ಸಂಗತಿಗಳು ಕಡಿಮೆ. ಇದೊಂದು ದಿನವೂ ಬರುತ್ತದೆ, ಯಾರ ಶಿಫಾರಸೂ ಇಲ್ಲದೆ.

ಉಪಗ್ರಹದ ದನಿ ಕೇಳುವ ಗ್ರೌಂಡ್ ಸ್ಟೇಷನ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆಂಗಳೂರಿನ ಬಳಿ ಬ್ಯಾಲಾಳುವಿನಲ್ಲಿರುವ ಇಸ್ರೊದ ಆ ಬಿಳಿಯ ದೈತ್ಯ ಡಿಶ್. ಅಡ್ಡಳತೆ 32 ಮೀಟರ್. 2008ರ ಚಂದ್ರಯಾನದ ಹೊತ್ತಿಗೆ ಸಜ್ಜಾದದ್ದು. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ, ಅಲ್ಲಿಂದ ಬರುವ ದನಿ ಹಿಡಿಯಲು ಅಷ್ಟು ದೊಡ್ಡ ಬೋಗುಣಿ ಬೇಕೇ ಬೇಕು. ಕೆಳಕಕ್ಷೆಯ ಉಪಗ್ರಹದ ಮಾತೇ ಬೇರೆ. ಅದು ನೆತ್ತಿಯ ಮೇಲಿದ್ದಾಗ ನಮಗೂ ಅದಕ್ಕೂ ಇರುವ ದೂರ ಬೀದರಿಗೂ ಬೆಂಗಳೂರಿಗೂ ಇರುವಷ್ಟೇ. ಅದನ್ನು ಕೇಳಿಸಿಕೊಳ್ಳಲು ಹಳೆಯ ಕಾಲದ ದೂರದರ್ಶನದ ಆಂಟೆನಾದ ಜಾತಿಯ, ಅಡ್ಡಕಡ್ಡಿಗಳ ಯಾಗಿ ಆಂಟೆನಾ ಸಾಕು. ಅದನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ತಿರುಗಿಸುವ ರೋಟೇಟರ್ ಮೋಟಾರು, ಕ್ಷೀಣ ದನಿಯನ್ನು ಕಂಬದ ತುದಿಯಲ್ಲೇ ಹಿಗ್ಗಿಸುವ ಪುಟ್ಟ ಆಂಪ್ಲಿಫೈಯರ್, ಒಂದು ಕೇಬಲ್ಲು, ಒಂದು ಕಂಪ್ಯೂಟರು. ರೇಡಿಯೊ ಕೆಲಸವನ್ನು ಈಗ ಪೆನ್‌ಡ್ರೈವ್ ಗಾತ್ರದ ಡಾಂಗಲ್ ಒಂದು ಮಾಡಿಬಿಡುತ್ತದೆ. ಕಲಿಯುವವರು ಕೊಳ್ಳುವ ಡಾಂಗಲ್ಲಿಗೆ ಕೆಲವು ಸಾವಿರ ರೂಪಾಯಿ. ರೋಟೇಟರಿಗೆ ಮಾತ್ರ ಒಳ್ಳೆಯ ಬೆಲೆ. ಅದಿಲ್ಲದೆ ಕೈಯಲ್ಲೇ ಆಂಟೆನಾ ಹಿಡಿದು ಆಕಾಶಕ್ಕೆ ಗುರಿಯಿಟ್ಟು ಕೇಳುವವರೂ ಲೋಕದ ತುಂಬ ಇದ್ದಾರೆ.

ಕರ್ನಾಟಕದ ಕಾಲೇಜುಗಳಿಗೆ ಇದು ಹೊಸದೂ ಅಲ್ಲ. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಕಾರ್ಟೋಸ್ಯಾಟ್-2ಬಿ ಜೊತೆಗೆ ಒಂದು ಕಿಲೋ ಕೂಡ ತೂಗದ ಸ್ಟಡ್‌ಸ್ಯಾಟ್ ಇತ್ತು. ಬೆಂಗಳೂರಿನ ನಾಲ್ಕು, ಹೈದರಾಬಾದಿನ ಮೂರು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು. ಅದರ ದನಿ ಕೇಳಲು ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಕಾಲೇಜಿನಲ್ಲಿ ನ್ಯಾಸ್ಟ್ರ್ಯಾಕ್ ಎಂಬ ಕೇಂದ್ರ ಕಟ್ಟಿದರು. ಉಡಾವಣೆಯಾದ ದಿನವೇ ಅಲ್ಲಿ ಸಂಕೇತ ಸಿಕ್ಕಿತು. ಆರು ವರ್ಷದ ನಂತರ, 2016ರ ಸೆಪ್ಟೆಂಬರ್ 26ರಂದು, ಪಿಇಎಸ್ ವಿಶ್ವವಿದ್ಯಾಲಯದ ಐದು ಕಿಲೋ ಚಿಲ್ಲರೆ ತೂಕದ ಪೈಸ್ಯಾಟ್ ಹಾರಿತು. ಅದಕ್ಕೂ ಕ್ಯಾಂಪಸ್ಸಿನಲ್ಲೇ ಗ್ರೌಂಡ್ ಸ್ಟೇಷನ್ ಇತ್ತು.

ಆಗಿನ ಪತ್ರಿಕೆಗಳಲ್ಲಿ ಎರಡೂ ಉಪಗ್ರಹಗಳ ಚಿತ್ರ ಬಂತು, ಹುಡುಗ ಹುಡುಗಿಯರು ಅವನ್ನು ಸುತ್ತುವರಿದು ನಿಂತ ಚಿತ್ರ ಬಂತು. ಮಾಳಿಗೆಯ ಮೇಲಿನ ಆಂಟೆನಾ ಎಲ್ಲೋ ಒಳಪುಟದಲ್ಲಿ ಬಂದಿರಬೇಕು. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಅಂಥ ಪುಟ್ಟ ಉಪಗ್ರಹದ ಆಯುಷ್ಯ ಬಹುಮಟ್ಟಿಗೆ ತಿಂಗಳ ಲೆಕ್ಕದ್ದು, ಇಲ್ಲವೆ ಕೆಲವು ವರ್ಷ. ಕಟ್ಟಿದ ತಂಡ ಪದವಿ ಮುಗಿಸಿ ಕೆಲಸಕ್ಕೆ ಹೋಗುತ್ತದೆ. ನೆಲದ ಮೇಲಿನ ಕೇಂದ್ರವಾದರೋ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುತ್ತದೆ, ತನ್ನದಲ್ಲದ ನೂರಾರು ಉಪಗ್ರಹಗಳನ್ನೂ ಕೇಳುತ್ತದೆ, ಪ್ರತಿ ಬ್ಯಾಚಿಗೂ ಕಲಿಸುತ್ತದೆ. ಉಪಗ್ರಹ ಹಾರಿಸಲು ಇಸ್ರೊ ಬೇಕು, ಕೋಟಿ ಬೇಕು, ಉಡಾವಣೆಯ ಸರದಿ ಬೇಕು. ಕೇಳಲು ಮಾಳಿಗೆ ಸಾಕು.

ಬೀದರ್ ಜಿಲ್ಲೆಯಲ್ಲಿ ಮಾಳಿಗೆಗಳಿಗೆ ಬರವಿಲ್ಲ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ 2023ರಲ್ಲಿ ಶುರುವಾದ ಬೀದರ್ ವಿಶ್ವವಿದ್ಯಾಲಯವಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಎದ್ದಾಗ, ಇದೊಂದನ್ನು ಉಳಿಸಿಕೊಳ್ಳುವ ಶಿಫಾರಸು ಆಗಿದೆ ಎಂದು ಪತ್ರಿಕೆಗಳು ಬರೆದಿದ್ದವು. ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯ, ಬೀದರಿನಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಔರಾದದಲ್ಲಿ ಸರ್ಕಾರಿ ಪದವಿ ಕಾಲೇಜು. ಬೀದರಿನ ವಾಯುಪಡೆ ನೆಲೆಯ ದೆಸೆಯಿಂದ ಇಲ್ಲಿನ ಮಕ್ಕಳಿಗೆ ತಲೆಯೆತ್ತಿ ನೋಡುವ ಅಭ್ಯಾಸವೂ ಇದೆ. ಹಾಕ್ ತರಬೇತಿ ವಿಮಾನ ಗುಂಯ್ಯೆಂದರೆ ಪಾಠ ಅರ್ಧ ನಿಮಿಷ ನಿಲ್ಲುತ್ತದೆ. ಅದೇ ವಾಯುನೆಲೆಯ ಕಾರಣಕ್ಕೆ ಎತ್ತರದ ಕಂಬ ನೆಡುವ ಮೊದಲು ಕೇಳಿ ಒಪ್ಪಿಗೆ ಪಡೆಯಬೇಕಾಗುತ್ತದೆ ಎನ್ನುವುದೂ ನೆನಪಿರಲಿ.

ಔರಾದದ ಹೆಚ್ಚುಗಾರಿಕೆ ಬೇರೊಂದಿದೆ. ಕೆಳಕಕ್ಷೆಯ ಉಪಗ್ರಹ ನಮಗೆ ಕಾಣಿಸುವುದು ದಿಗಂತದಿಂದ ದಿಗಂತಕ್ಕೆ ಹೋಗುವಷ್ಟು ಹೊತ್ತು ಮಾತ್ರ. ಬೆಂಗಳೂರಿನಲ್ಲಿ ದಿಗಂತ ಎಲ್ಲಿದೆ? ಅಪಾರ್ಟ್‌ಮೆಂಟುಗಳ ನಡುವಿನ ಸಂದಿಯಲ್ಲಿ. ಮೇಲಾಗಿ ಮನೆಮನೆಯ ಎಲ್‌ಇಡಿ ದೀಪ, ಚಾರ್ಜರು, ಯುಪಿಎಸ್ಸುಗಳು ಕಿವಿಗೆ ಕೇಳದ ಒಂದು ಗದ್ದಲ ಹರಡುತ್ತವೆ. ಅರ್ಧ ವಾಟೋ ಒಂದು ವಾಟೋ ಶಕ್ತಿಯಲ್ಲಿ ಮಾತಾಡುವ ಉಪಗ್ರಹದ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ತೊಗರಿ, ಸೋಯಾ ಹೊಲಗಳ ನಡುವೆ ನಿಂತ ಔರಾದದ ಬಯಲಿನಲ್ಲಿ ನಾಲ್ಕೂ ದಿಕ್ಕಿಗೆ ಆಕಾಶ ನೆಲ ಮುಟ್ಟುತ್ತದೆ. ಹಿಂದುಳಿದ ತಾಲ್ಲೂಕು ಎಂದು ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ವರದಿಯ ಕಾಲದಿಂದ ಹೇಳಿಸಿಕೊಂಡೇ ಬಂದ ಊರಿಗೆ ಈ ಒಂದು ವಿಷಯದಲ್ಲಿ ಹಿಂದುಳಿದದ್ದೇ ಬಂಡವಾಳ.

ಒಂದು ಪಾಸ್ ಹೇಗಿರುತ್ತದೆ? ಉಪಗ್ರಹ ಒಂದು ಸಲ ದಾಟಿಹೋಗುವುದಕ್ಕೆ ಹ್ಯಾಮ್‌ಗಳು, ಎಂದರೆ ಹವ್ಯಾಸಿ ರೇಡಿಯೊದವರು, ‘ಪಾಸ್’ ಎಂದೇ ಅನ್ನುತ್ತಾರೆ. ಉಪಗ್ರಹ ಭೂಮಿಯನ್ನು ಒಮ್ಮೆ ಸುತ್ತಲು ಸುಮಾರು 96 ನಿಮಿಷ. ಅಷ್ಟರಲ್ಲಿ ಭೂಮಿ 24 ಡಿಗ್ರಿ ತಿರುಗಿರುತ್ತದೆ, ಹಾಗಾಗಿ ಮುಂದಿನ ಸುತ್ತು ನಮ್ಮಿಂದ ಎರಡೂವರೆ ಸಾವಿರ ಕಿ.ಮೀ. ಪಡುವಣಕ್ಕೆ ಸರಿದಿರುತ್ತದೆ. ದಿನದ ಹದಿನೈದು ಸುತ್ತಿನಲ್ಲಿ ಬೀದರಿಗೆ ದಕ್ಕುವುದು ಬೆಳಿಗ್ಗೆ ಎರಡು, ರಾತ್ರಿ ಎರಡು, ಅದೃಷ್ಟವಿದ್ದರೆ ಇನ್ನೊಂದು. ಒಂದೊಂದೂ ಹತ್ತು ಹನ್ನೆರಡು ನಿಮಿಷದ್ದು. ಹೊತ್ತು ಸೆಕೆಂಡು ತಪ್ಪದೆ ಮೊದಲೇ ಗೊತ್ತಿರುತ್ತದೆ. 10 ಗಂಟೆ 14 ನಿಮಿಷಕ್ಕೆ ಎಂದರೆ 10.14ಕ್ಕೇ. ಅತಿಥಿಗಳು ಬರಲಿ ಎಂದು ಕಾಯುವುದಿಲ್ಲ.

ಮೊದಲು ಬರಿಯ ಸುಯ್ಯೆನ್ನುವ ಸದ್ದು. ಪರದೆಯ ಮೇಲೆ ನೀಲಿ ಬಣ್ಣ ಜಲಪಾತದಂತೆ ಇಳಿಯುತ್ತಿರುತ್ತದೆ. ದಿಗಂತದಲ್ಲಿದ್ದಾಗ ಉಪಗ್ರಹ ಎರಡೂವರೆ ಸಾವಿರ ಕಿ.ಮೀ.ಗಿಂತಲೂ ಆಚೆ, ನೆತ್ತಿಗೆ ಬಂದಾಗ ಆರುನೂರು. ದನಿಯ ಬಲದಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ. ಆ ನೀಲಿಯಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಮೂಡಿತೋ ಇಲ್ಲವೋ ಎನ್ನುವಾಗಲೇ ಹುಡುಗರಲ್ಲೊಬ್ಬ “ಬಂತ್ರಿ ಸರ್” ಅಂದಿರುತ್ತಾನೆ. ಗೆರೆ ನೇರವಾಗಿರುವುದಿಲ್ಲ, ಓರೆಯಾಗಿ ಬಾಗುತ್ತದೆ. ಭಾಲ್ಕಿ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಶಿಳ್ಳೆ ಹತ್ತಿರ ಬರುವಾಗ ಕೀರಲು, ದೂರ ಹೋಗುವಾಗ ದಪ್ಪ. ಅದೇ ಡಾಪ್ಲರ್ ಪರಿಣಾಮ ಇಲ್ಲೂ. ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದ ಈ ಪ್ರಯಾಣಿಕನ 437 ಮೆಗಾಹರ್ಟ್ಸಿನ ದನಿ ಬರುವಾಗ 10 ಕಿಲೋಹರ್ಟ್ಸ್ ಮೇಲೆ, ಹೋಗುವಾಗ 10 ಕಿಲೋಹರ್ಟ್ಸ್ ಕೆಳಗೆ. ರೇಡಿಯೊದ ಕಿವಿಯನ್ನು ಅದಕ್ಕೆ ತಕ್ಕಂತೆ ಸರಿಸುತ್ತಲೇ ಇರಬೇಕು. ಪಠ್ಯಪುಸ್ತಕದಲ್ಲಿ ಐದು ಅಂಕದ ಪ್ರಶ್ನೆಯಾಗಿದ್ದ ಡಾಪ್ಲರ್ ಸಾಹೇಬರು ಆ ಹತ್ತು ನಿಮಿಷ ಎದುರೇ ಕೂತಿರುತ್ತಾರೆ.

ಸಿಕ್ಕುವುದೇನು? ಬ್ಯಾಟರಿಯ ವೋಲ್ಟೇಜು, ಸೌರಫಲಕದ ಕರೆಂಟು, ಒಳಗಿನ ತಾಪಮಾನ. ಇಷ್ಟೇ. ನೋಡಲು ಬಂದವರಿಗೆ ನಿರಾಸೆಯಾಗುತ್ತದೆ. ಚಿತ್ರ ಬೇಕೆನ್ನುವವರಿಗೆ ಬಹುಕಾಲ ಅಮೆರಿಕದ ನೋವಾ ಹವಾಮಾನ ಉಪಗ್ರಹಗಳಿದ್ದವು. 137 ಮೆಗಾಹರ್ಟ್ಸಿನಲ್ಲಿ ಮೋಡದ ಚಿತ್ರ ಹಿಡಿದೇ ಲೋಕದ ಅರ್ಧ ವಿದ್ಯಾರ್ಥಿಗಳು ಈ ಕೆಲಸ ಕಲಿತದ್ದು. ಆ ಮಾಲಿಕೆಯಲ್ಲಿ ಉಳಿದಿದ್ದ ಮೂರನ್ನೂ 2025ರಲ್ಲಿ ನಿಲ್ಲಿಸಿದರು. ಈಗ ರಷ್ಯಾದ ಮೀಟಿಯರ್ ಉಪಗ್ರಹಗಳತ್ತ ಆಂಟೆನಾ ತಿರುಗಿಸಬೇಕು.

ಇದರಿಂದ ರೈತರಿಗೇನು ಲಾಭ ಎಂಬ ಪ್ರಶ್ನೆ ಸಿಂಡಿಕೇಟ್ ಸಭೆಯಲ್ಲಿ ಬಂದೇ ಬರುತ್ತದೆ. ನೇರವಾಗಿ ಏನೂ ಇಲ್ಲ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು. ಭಾಲ್ಕಿ, ಔರಾದದ ಬೆಳೆಯ ಚಿತ್ರಗಳನ್ನು ಇಸ್ರೊದ ದೂರಸಂವೇದಿ ಕೇಂದ್ರ ಬೀದರಿನಿಂದ ನೇರ ಗೆರೆಯಲ್ಲಿ 120 ಕಿ.ಮೀ. ದೂರದ ಶಾದನಗರದಲ್ಲಿ ಇಳಿಸಿಕೊಳ್ಳುತ್ತಲೇ ಇದೆ. ಕಾಲೇಜಿನ ಯಾಗಿ ಆಂಟೆನಾ ಅದರ ಜೊತೆ ಪೈಪೋಟಿಗೆ ಇಳಿಯಬೇಕಿಲ್ಲ. ಬೆಳೆ ಸಮೀಕ್ಷೆ, ಬರ ನಿರ್ವಹಣೆ, ಸ್ಮಾರ್ಟ್ ಹಳ್ಳಿ ಎಂದೆಲ್ಲ ಯೋಜನಾ ವರದಿಯಲ್ಲಿ ತುಂಬಿದರೆ ಹಣ ಬಂದೀತು, ಮೂರು ವರ್ಷದ ಮೇಲೆ ಲೆಕ್ಕ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಇದು ಕಲಿಕೆಯ ಕೆಲಸ, ಅಷ್ಟೆಂದು ಬರೆದರೆ ಸಾಕು.

ಆದರೂ ಕಿವಿಗೊಟ್ಟು ಕೂತವರಿಗೆ ಕೆಲವೊಮ್ಮೆ ಸಿಕ್ಕುವುದು ಸಣ್ಣದಲ್ಲ. ಹ್ಯಾಮ್‌ಗಳ ಆಸ್ಕರ್-7 ಉಪಗ್ರಹ 1974ರ ನವೆಂಬರಿನಲ್ಲಿ ಹಾರಿತು, 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸತ್ತಿತು. ಇಪ್ಪತ್ತೊಂದು ವರ್ಷ ಮೌನ. 2002ರ ಜೂನಿನಲ್ಲಿ ಇಂಗ್ಲೆಂಡಿನ ಹ್ಯಾಮ್ ಒಬ್ಬರಿಗೆ ಗುರುತಿಲ್ಲದ ಮೋರ್ಸ್ ದನಿ ಕೇಳಿಸಿತು, ನೋಡಿದರೆ ಅದೇ ಉಪಗ್ರಹ. ಕೆಟ್ಟ ಬ್ಯಾಟರಿಯೊಳಗಿನ ಶಾರ್ಟ್ ತಾನಾಗಿ ಬಿಟ್ಟುಕೊಂಡು, ಬಿಸಿಲು ಬಿದ್ದಾಗಲೆಲ್ಲ ಸೌರಫಲಕದಿಂದ ನೇರವಾಗಿ ಶಕ್ತಿ ಪಡೆದು ಮಾತಾಡತೊಡಗಿತ್ತು. ಆ ದಿನ ಯಾರೂ ಕೇಳದಿದ್ದರೆ ಅದು ಬದುಕಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಟೋಕಿಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2003ರ ಜೂನ್ 30ರಂದು ಹಾರಿಸಿದ ಹತ್ತು ಸೆಂಟಿಮೀಟರ್ ಘನದ ಪೆಟ್ಟಿಗೆ ಇಪ್ಪತ್ತು ವರ್ಷ ಕಳೆದ ಮೇಲೂ ಮಾತಾಡುತ್ತಿತ್ತು. ಕಟ್ಟಿದ ಹುಡುಗರಿಗೆ ಅಷ್ಟರಲ್ಲಿ ತಲೆ ನರೆತಿರಬೇಕು. ಈಗ ಸ್ಯಾಟ್‌ನಾಗ್ಸ್ ಎಂಬ, ಗ್ರೌಂಡ್ ಸ್ಟೇಷನ್ನುಗಳ ಮುಕ್ತ ಜಾಲವಿದೆ. ಗ್ರೀಸಿನ ಉತ್ಸಾಹಿಗಳು 2014ರಲ್ಲಿ ಶುರು ಮಾಡಿದ್ದು. ಹಾಲಹಳ್ಳಿಯ ಮಾಳಿಗೆಯ ಆಂಟೆನಾ ಅದಕ್ಕೆ ಸೇರಿದರೆ, ಇನ್ಯಾವುದೋ ಖಂಡದ ಕಾಲೇಜಿನವರು ತಮ್ಮ ಉಪಗ್ರಹ ಭಾರತದ ಮೇಲಿದ್ದಾಗ ಹೇಗಿತ್ತೆಂದು ಇಲ್ಲಿಂದ ತಿಳಿಯಬಹುದು.

ಕೇಳಲು ಇಷ್ಟು. ಮಾತಾಡಬೇಕಾದರೆ ಕೇಂದ್ರ ಸರ್ಕಾರದ ಹ್ಯಾಮ್ ಪರವಾನಗಿ ಬೇಕು. ಹನ್ನೆರಡು ತುಂಬಿದವರು ಪರೀಕ್ಷೆಗೆ ಕೂರಬಹುದು. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಕಷ್ಟದ ಪರೀಕ್ಷೆಯಲ್ಲ.

ಆಕಾಶದಿಂದ ಬಂದದ್ದನ್ನು ಬರಮಾಡಿಕೊಂಡ ಅನುಭವ ಜಿಲ್ಲೆಗೆ ಈಗಾಗಲೇ ಇದೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ದೊಡ್ಡ ಬಲೂನು, ಅದಕ್ಕೆ ಕಟ್ಟಿದ ಯಂತ್ರದ ಪೆಟ್ಟಿಗೆ ಇಳಿದವು. ಊರು ಬೆಚ್ಚಿತು, ಪೊಲೀಸರು ಬಂದರು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಹಾರಿಬಿಟ್ಟ ಸಂಶೋಧನಾ ಬಲೂನು ಅದು. ಪೆಟ್ಟಿಗೆಯ ಜೊತೆ ಕನ್ನಡದಲ್ಲಿ ಬರೆದ ಕಾಗದವಿತ್ತೆಂದು ವರದಿಗಳು ಹೇಳಿದವು. ಜಲಸಂಗಿಯೇ ಆಗಬೇಕೇ! ಅಲ್ಲಿನ ಚಾಲುಕ್ಯರ ಕಾಲದ ದೇಗುಲದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯಿದ್ದಾಳೆ, ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಾಲು ಅವಳ ಕೈಕೆಳಗಿದೆ. ಬಲೂನಿನ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದವಳು ಅವಳೇ. ಸುತ್ತಮುತ್ತ ಒಂದಾದರೂ ಕಾಲೇಜಿನಲ್ಲಿ ರೇಡಿಯೊ ಕೇಳುವವರ ಗುಂಪಿದ್ದಿದ್ದರೆ, ಪೊಲೀಸರಿಗಿಂತ ಮೊದಲು ಅವರು ಬೈಕು ಹತ್ತಿ ಹೊರಟಿರುತ್ತಿದ್ದರು ಎಂದೂ ಅನ್ನಿಸಿತು.

ಸಾಮಾನು ತರುವುದು ಸುಲಭ. ಟೆಂಡರು, ಉದ್ಘಾಟನೆ, ರಿಬ್ಬನ್ನು, ಎಲ್ಲ ಆಗುತ್ತದೆ. ಆಮೇಲೆ ಕೆಡುವುದು ಎಲ್ಲಿ ಎಂದು ನೋಡಿದರೆ ಹೆಬ್ಬೆರಳು ಗಾತ್ರದ ಕನೆಕ್ಟರಿನಲ್ಲಿ. ಆಂಟೆನಾಕ್ಕೆ ಕೇಬಲ್ ಸೇರುವ ಆ ಹಿತ್ತಾಳೆಯ ಗಂಟಿಗೆ ರಬ್ಬರ್ ಟೇಪನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹಂಚು ಹೊದಿಸಿದ ಹಾಗೆ, ನೀರು ಜಾರಿಹೋಗುವಂತೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಜೂನಿನ ಮೊದಲ ಮಳೆಗೇ ನೀರು ಒಳಗಿಳಿಯುತ್ತದೆ. ಒಂದು ಹನಿ ಕೇಬಲ್ಲಿನ ತಾಮ್ರದ ಹೆಣಿಗೆಗೆ ಸೇರಿತೆಂದರೆ ಮೆಲ್ಲಗೆ ಹಸಿರು ಕಿಲುಬು ಹಬ್ಬುತ್ತದೆ. ಕೇಂದ್ರ ಸಾಯುವುದಿಲ್ಲ, ಕಿವುಡಾಗುತ್ತ ಹೋಗುತ್ತದೆ. ದಿನಾ ಕೇಳುವವನಿಗೆ ಮೊನ್ನೆಗಿಂತ ನಿನ್ನೆ ದನಿ ಸಣ್ಣಗಾಯಿತೆಂದು ತಕ್ಷಣ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಬೀಗ ತೆಗೆಯುವವನಿಗೆ ಗೊತ್ತಾಗುವ ಹೊತ್ತಿಗೆ ಕೇಬಲ್ ಪೂರ್ತಿ ಹೋಗಿರುತ್ತದೆ. ಸಿಡಿಲಿನಿಂದ ಕಾಯುವ ಅರ್ಥಿಂಗ್ ಕೂಡ ಬೀದರಿನ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹನಿಸುತ್ತಿರಬೇಕು. ಸಿಡಿಲಿನ ಮೇ ತಿಂಗಳಲ್ಲಿ ಕಾಲೇಜಿಗೆ ರಜೆ. ಅರ್ಥಿಂಗ್ ಗುಂಡಿಗೆ ನೀರು ಹಾಕುವವರು ಯಾರು?

ನೋಡಿಕೊಳ್ಳುವವರಿಲ್ಲದೆ ಕೆಲಸ ನಿಲ್ಲುವುದು ಈ ನೆಲದಲ್ಲಿ ಹಳೆಯ ಕತೆ. ಬಹಮನಿ ಸುಲ್ತಾನ ಫಿರೋಜ್ ಷಾ 1407ರಲ್ಲಿ ದೌಲತಾಬಾದಿನ ಬಳಿ ಬೆಟ್ಟದ ಮೇಲೆ ವೇಧಶಾಲೆ ಕಟ್ಟಿಸಲು ಹೊರಟಿದ್ದ. ಆಗಿನ್ನೂ ರಾಜಧಾನಿ ಕಲಬುರಗಿ. ಉಸ್ತುವಾರಿ ಹೊತ್ತಿದ್ದ ಗೀಲಾನಿನ ಹಕೀಮ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಅದೇ ಗೀಲಾನಿನಿಂದ ಬಂದ ಇನ್ನೊಬ್ಬ, ಮಹಮೂದ್ ಗವಾನ್, 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಉಸ್ತಾದರು, ವಿದ್ಯಾರ್ಥಿಗಳು ಅಲ್ಲೇ ಉಳಿಯಲು ಕೋಣೆಗಳನ್ನೂ ಸೇರಿಸಿಯೇ ಕಟ್ಟಿಸಿದ. 1481ರಲ್ಲಿ ಅವನ ತಲೆ ಹೋಯಿತು, ಮದರಸಾ ಮಾತ್ರ ಬಹುಕಾಲ ನಡೆಯಿತು. ಬೆಟ್ಟದ ವೇಧಶಾಲೆ ಒಬ್ಬನ ಮೇಲೆ ನಿಂತಿತ್ತು, ಇದು ಹಾಗೆ ನಿಂತಿರಲಿಲ್ಲ. ನಮ್ಮ ಕಾಲೇಜು ಕೇಂದ್ರಗಳಲ್ಲಿ ಬಹಳಷ್ಟು ಮೊದಲನೆಯ ಜಾತಿಯವು. ಹುಮ್ಮಸ್ಸಿನ ಪ್ರೊಫೆಸರ್ ಒಬ್ಬರು ಇರುವವರೆಗೆ, ಇಲ್ಲವೆ ಜಾಣ ಬ್ಯಾಚೊಂದು ಎಂಟನೆಯ ಸೆಮಿಸ್ಟರ್ ಮುಗಿಸುವವರೆಗೆ.

ಹಾಗಾಗಿ ವಿಶ್ವವಿದ್ಯಾಲಯ ಕೇಳಬೇಕಾದದ್ದು ದೊಡ್ಡ ಡಿಶ್ಶಿಗೆ ಅನುದಾನವನ್ನಲ್ಲ. ಒಂದು ಪ್ರಯೋಗಾಲಯ ಸಹಾಯಕರ ಹುದ್ದೆ, ರಜೆಯಲ್ಲೂ ಬರುವ ಕರಾರಿನೊಂದಿಗೆ. ಪ್ರತಿ ಪಾಸಿಗೂ ಯಾರು ಕೂತಿದ್ದರು, ಏನು ಕೇಳಿತು, ಎಷ್ಟು ಜೋರಾಗಿ ಕೇಳಿತು ಎಂದು ಬರೆಯುವ ಒಂದು ಉದ್ದ ರಿಜಿಸ್ಟರು. ಎರಡನೆಯ ವರ್ಷದವರು ಮೊದಲನೆಯ ವರ್ಷದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ರೂಢಿ. ಕ್ರೆಡಿಟ್ ಕೊಡುವ ಹಾಗಿದ್ದರೆ ಕೊಡಲಿ. ಅಂಕಪಟ್ಟಿಯಲ್ಲಿ ಬಾರದ ಕೆಲಸಕ್ಕೆ ಪರೀಕ್ಷೆಯ ತಿಂಗಳಲ್ಲಿ ಯಾರೂ ಮಾಳಿಗೆ ಹತ್ತುವುದಿಲ್ಲ.

ಇನ್ನೊಂದು ತೊಡಕಿದೆ, ಅದು ರೇಡಿಯೊಗೆ ಸಂಬಂಧಿಸಿದ್ದಲ್ಲ. ಇಂಥ ಉಪಗ್ರಹಗಳಲ್ಲಿ ಹಲವು ಸೂರ್ಯನ ಹೊತ್ತಿಗೆ ಹೊಂದಿಕೊಂಡ ಕಕ್ಷೆಯವು. ಬೆಳಿಗ್ಗೆ ಹತ್ತರ ಆಸುಪಾಸಿಗೆ ಬಂದದ್ದು ಮತ್ತೆ ಬರುವುದು ರಾತ್ರಿ ಹತ್ತರ ಆಸುಪಾಸಿಗೆ. ಬೆಳಗಿನ ಪಾಸ್ ತರಗತಿಯ ಹೊತ್ತು, ಬಿಡುವು ಸಿಗುವುದು ರಾತ್ರಿಯದಕ್ಕೇ. ಹುಡುಗರು ಹೇಗೋ ಹತ್ತಿ ಇಳಿಯುತ್ತಾರೆ. ಎಲೆಕ್ಟ್ರಾನಿಕ್ಸ್ ತರಗತಿಗಳಲ್ಲಿ ಇವತ್ತು ಹುಡುಗಿಯರೇನೂ ಕಡಿಮೆಯಿಲ್ಲ, ಆದರೆ ಅವರ ಹಾಸ್ಟೆಲಿನ ಗೇಟು ಕತ್ತಲಾಗುತ್ತಿದ್ದಂತೆ ಹಾಕಿಕೊಳ್ಳುತ್ತದೆ. ಔರಾದದ ಹಳ್ಳಿಗೆ ಹೋಗುವ ಕೊನೆಯ ಬಸ್ಸೂ ಅಷ್ಟರಲ್ಲಿ ಹೊರಟಿರುತ್ತದೆ. ಆಂಟೆನಾವನ್ನು ಹುಡುಗಿಯರ ಹಾಸ್ಟೆಲಿನ ಮಾಳಿಗೆಯ ಮೇಲೇ ನಿಲ್ಲಿಸಿದರೆ ಗೇಟಿನ ಪ್ರಶ್ನೆಯೇ ಬರುವುದಿಲ್ಲ, ರಾತ್ರಿಯ ಪಾಸು ಅವರ ಪಾಲಿಗೆ ಬರುತ್ತದೆ, ಬೆಳಗಿನದನ್ನು ಹುಡುಗರು ಜಾಲದ ಮೂಲಕ ತಮ್ಮ ಕೋಣೆಯಿಂದ ನಡೆಸಿಕೊಳ್ಳಲಿ. ಜಾಗ ಗೊತ್ತುಮಾಡುವ ಸಮಿತಿಯಲ್ಲಿ ವಾರ್ಡನ್ ಅವರಿಗೂ ಒಂದು ಕುರ್ಚಿ ಹಾಕಬೇಕು.